ಅವಳಿನಗರಗಳ ಪಾಲುಪತ್ರ

ಹುಬ್ಬಳ್ಳಿ-ಧಾರವಾಡಗಳನ್ನು ಅವಳಿನಗರಗಳೆಂದು ಕರೆಯುವುದು ವಾಡಿಕೆ. ಆದರೆ ಸುಮಾರು 20 ಕಿಲೋಮೀಟರುಗಳ ಅಂತರದ ಈ ಊರುಗಳ ಸ್ವಭಾವಗಳು ತೀರ ಭಿನ್ನವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಧಾರವಾಡವು ಮಲೆನಾಡಿನ ಸೆರಗಿನಲ್ಲಿ ದಿಣ್ಣೆಗಳ ಮೇಲೆ ಹಬ್ಬಿದ ಊರು. ಹುಬ್ಬಳ್ಳಿಯು ಎರೆಭೂಮಿಯ ಪೇಟೆ. ಹುಬ್ಬಳ್ಳಿಯನ್ನು ಹತ್ತಿಯ ವ್ಯಾಪಾರವೂ ರೈಲ್ವೆ ಕಾರ್ಖಾನೆಯೂ ಬೆಳೆಸಿದವು. 2003ರಿಂದ ಅದು ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಗಿದೆ. ಧಾರವಾಡವನ್ನು ಬೆಳೆಸಿದುದು ವಿದ್ಯೆ: 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, ಅನಂತರದ ವಿಶ್ವವಿದ್ಯಾನಿಲಯ.

ಇವೆರಡನ್ನೂ 1962ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಒಳಪಡಿಸಲಾಯಿತು. ಅನುದಾನದಲ್ಲಿ ಹುಬ್ಬಳ್ಳಿಗೇ ಸಿಂಹಪಾಲೆಂಬುದು ಧಾರವಾಡದ ಪೌರರ ಬಹುಕಾಲದ ದೂರು. 2025ರ ಜನವರಿಯಲ್ಲಿ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಒಪ್ಪಿದುದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಬೀದಿಯ ದೀಪ, ಚರಂಡಿಗಳ ವಿಚಾರವು ಆಯಾ ಊರಿನವರ ಕೈಯಲ್ಲಿರುವುದೇ ಲೇಸು.

ಆದರೆ ಹಂಚಲಾಗದುದೂ ಇದೆ. ಸವದತ್ತಿಯ ಮಲಪ್ರಭಾ ಜಲಾಶಯದ ನೀರು ಎರಡೂ ಊರುಗಳಿಗೆ ಬರಬೇಕು. 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ತ್ವರಿತ ಬಸ್ಸುಗಳ ಮಾರ್ಗವು ಎರಡನ್ನೂ ಹೊಲಿದಿದೆ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ಬಾಳಿ ಹಾಡಿದರು. ಅವರನ್ನು ಯಾವ ಊರಿನ ಲೆಕ್ಕಕ್ಕೆ ಬರೆಯೋಣ?

ಆದುದರಿಂದ ನೀರು, ಸಾರಿಗೆ, ಹಳೆಯ ಸಾಲ, ನೌಕರರ ನಿವೃತ್ತಿವೇತನ ಇವುಗಳ ಹೊಣೆ ಯಾರದೆಂಬುದನ್ನು ಪಾಲುಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ನೀರು ಮತ್ತು ಸಾರಿಗೆಗಳನ್ನು ಎರಡೂ ಊರುಗಳ ಪ್ರತಿನಿಧಿಗಳಿರುವ ಸಂಯುಕ್ತ ಮಂಡಳಿಗೆ ವಹಿಸಬೇಕೆಂದು ಸರಕಾರವನ್ನು ಆಗ್ರಹಪಡಿಸುತ್ತೇವೆ. ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೂ ಬಾವಿಯೊಂದೇ ಆದಾಗ ಹಗ್ಗದ ವಿಚಾರವನ್ನು ಮೊದಲೇ ಇತ್ಯರ್ಥಮಾಡಿಕೊಳ್ಳುವುದು ವಿವೇಕ.