ಗಿಟ್-ಶೆಲ್: ಕಿರುಬಾಗಿಲಿನ ಕೀಲಿ ಯಾರ ಕೈಯಲ್ಲಿ?

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಬಳಿಕ ಕೆಜಿಎಫ್ ಹಾಗೂ ಬಂಗಾರಪೇಟೆಯ ಯುವಜನರು ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತುವುದು ನಿತ್ಯದ ನೋಟ. ಅವರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳೂ ಇದ್ದಾರೆ. ರೈಲಿನ ಗೋಜಿಲ್ಲದೆ ಮನೆಯಿಂದಲೇ ದುಡಿಯುವವರಿಗೆ ಸಂಸ್ಥೆಯ ಸರ್ವರ್‌ನಲ್ಲಿ ಎಷ್ಟು ಅಧಿಕಾರ ನೀಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಕೋಡಿನ ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಡುವ ‘ಗಿಟ್’ ತಂತ್ರಾಂಶದಲ್ಲಿ ಇದಕ್ಕಿರುವ ಒಂದು ಉತ್ತರ ‘ಗಿಟ್-ಶೆಲ್’. ಖಾತೆಗೆ ಇದನ್ನು ಅಳವಡಿಸಿದರೆ ಬಳಕೆದಾರರು ಕೋಡ್ ಪಡೆಯಬಹುದು, ಒಪ್ಪಿಸಬಹುದು. ನಿರ್ವಾಹಕರು ಪ್ರತ್ಯೇಕವಾಗಿ ಅನುಮತಿಸದ ಹೊರತು ಸರ್ವರ್‌ನ ಉಳಿದ ಆಜ್ಞೆಗಳು ದಕ್ಕುವುದಿಲ್ಲ.

ಆದರೆ 2017ರಲ್ಲಿ ಈ ಬೇಲಿಯಲ್ಲೇ ಕಿಂಡಿ ಕಂಡಿತು. ಕೋಡ್ ಭಂಡಾರದ ಹೆಸರಿರಬೇಕಾದಲ್ಲಿ ಅಡ್ಡಗೆರೆಯಿಂದ ಆರಂಭವಾಗುವ ಪದ ಕೊಟ್ಟರೆ ಸಹಾಯ ಪುಟ ತೆರೆದುಕೊಳ್ಳುತ್ತಿತ್ತು; ಅದನ್ನು ತೋರಿಸುವ ‘ಲೆಸ್’ ಎಂಬ ಪುಟ್ಟ ತಂತ್ರಾಂಶದ ಮೂಲಕ ನಿರ್ಬಂಧ ದಾಟಬಹುದಿತ್ತು. ಅದೇ ಮೇ ತಿಂಗಳಲ್ಲಿ ತಿದ್ದುಪಡಿ ಬಂತಾದರೂ, ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡ ಸರ್ವರ್‌ಗೆ ಅದರಿಂದ ಫಲವಿಲ್ಲ.

ಇದಕ್ಕಿಂತ ಗಂಭೀರವಾದುದು ಆಡಳಿತದ ಆಲಸ್ಯ. ಕೆಲಸ ಬಿಟ್ಟವರ ಕೀಲಿಯನ್ನು ಅಳಿಸದಿದ್ದರೆ ಸರ್ವರ್ ಅವರನ್ನು ಎಂದಿನಂತೆ ಒಳಬಿಡುತ್ತದೆ. ಅವರು ಕೋಡ್ ಒಯ್ಯುವುದನ್ನಾಗಲೀ ಬದಲಿಸುವುದನ್ನಾಗಲೀ ಗಿಟ್-ಶೆಲ್ ತಾನಾಗಿ ತಡೆಯದು. ಅದಕ್ಕೆ ಆ ಕೆಲಸವೇ ಅಧಿಕೃತ. ಗುತ್ತಿಗೆ ಸಿಬ್ಬಂದಿ ಪದೇ ಪದೇ ಬದಲಾಗುವ ಸಂಸ್ಥೆಗಳು ಮೊದಲು ಪರಿಶೀಲಿಸಬೇಕಾದುದು ಈ ಕೀಲಿಗಳ ಪಟ್ಟಿಯನ್ನು.