ಅರವತ್ತೈದು ದಾಟಿದವಳನ್ನೂ ಕೇಳಿ, ಸಚಿವರೇ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಸ್ತನ ಕ್ಯಾನ್ಸರ್ ತಪಾಸಣೆಗೆ ಕೇಂದ್ರದ 2016ರ ಮಾರ್ಗಸೂಚಿ ಹಾಕಿಕೊಟ್ಟ ವಯಸ್ಸು 30ರಿಂದ 65. ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದ ಮುಟ್ಟಿ ನೋಡಬೇಕು. ನನಗೀಗ 68. ಹಾಗಾದರೆ ನನ್ನದು ಮುಗಿಯಿತೇ? ಮುಗಿದಿದ್ದರೆ ಯಾಕೆಂದು ಹೇಳುವವರು ಯಾರು? ನಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದೆ. “ನಮ್ಗೆ ಟ್ರೈನಿಂಗಲ್ಲಿ ಅದನ್ನ ಹೇಳ್ಕೊಟ್ಟಿಲ್ಲ ಮೇಡಂ” ಅಂದಳು. ಅವಳ ತಪ್ಪೇನಿಲ್ಲ ಬಿಡಿ.

ಸರ್ಕಾರ ಸುಮ್ಮನಿದ್ದರೂ ಖಾಸಗಿ ಆಸ್ಪತ್ರೆಗಳು ಸುಮ್ಮನಿಲ್ಲ. ಮಹಿಳಾ ದಿನ ಬಂತೆಂದರೆ ಮೊಬೈಲಿಗೆ ಹೆಲ್ತ್ ಪ್ಯಾಕೇಜುಗಳ ಮೆಸೇಜು. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಅಮ್ಮನ ಹೆಸರಲ್ಲಿ ಬುಕ್ ಮಾಡಿಬಿಡುತ್ತಾರೆ, ಪ್ರೀತಿಯಿಂದಲೇ. ಮ್ಯಾಮೊಗ್ರಾಂ ಅಂದರೇನೆಂದು ಅಮ್ಮನಿಗೆ ಗೊತ್ತಾಗುವುದು ಯಂತ್ರದ ಎರಡು ಹಲಗೆಗಳ ನಡುವೆ ಎದೆ ಸಿಕ್ಕಿಕೊಂಡಾಗ.

ತಪಾಸಣೆ ಒಳ್ಳೆಯದೇ ಅಲ್ಲವೇ ಎನ್ನುತ್ತೀರಿ. ಐವತ್ತರಲ್ಲಿ ಹೌದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿ, 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಕೈಯಿಂದ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ತಗ್ಗಿತ್ತು. ಆದರೆ ಅದಕ್ಕೆ ಸೇರಿಸಿಕೊಂಡದ್ದು 35ರಿಂದ 64ರವರನ್ನು. ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸಿಕೊಳ್ಳಿ ಎಂದಿತು. 75ರ ಮೇಲೆ ಲಾಭವೋ ನಷ್ಟವೋ ಹೇಳಲು ಪುರಾವೆ ಸಾಲದು ಎಂದಿತು. ಬ್ರಿಟನ್ನಿನಲ್ಲಿ 71 ತುಂಬಿದ ಮೇಲೆ ಕರೆಪತ್ರ ಬರುವುದಿಲ್ಲ, ಬೇಕಾದವರು ತಾವೇ ಕೇಳಿ ಮಾಡಿಸಿಕೊಳ್ಳಬಹುದು.

ಇದಕ್ಕೊಂದು ಕಾರಣವಿದೆ. ಇವತ್ತಿನ ಮ್ಯಾಮೊಗ್ರಾಂನ ಫಲ ನಾಳೆ ಸಿಗುವಂಥದ್ದಲ್ಲ. ಸಾವಿರ ಮಹಿಳೆಯರಲ್ಲಿ ಒಂದು ಸಾವು ತಪ್ಪಲು ಸುಮಾರು ಹತ್ತು ವರ್ಷ ಹಿಡಿಯುತ್ತದೆಂಬುದು ಸಂಶೋಧಕರ ಲೆಕ್ಕ. ತೊಂದರೆಯಾದರೋ ಅವತ್ತೇ ಶುರು: ಕ್ಯಾನ್ಸರ್ ಅಲ್ಲದ ಗಂಟಿಗೂ ಸೂಜಿ, ಬಯಾಪ್ಸಿ ರಿಪೋರ್ಟು ಬರುವ ತನಕ ನಿದ್ದೆಗೇಡು, ಬದುಕಿರುವಷ್ಟು ದಿನ ಗೊತ್ತೇ ಆಗದೆ ಇರಬಹುದಾಗಿದ್ದ ಗಂಟಿಗೆ ಆಪರೇಷನ್, ರೇಡಿಯೇಷನ್. ವಯಸ್ಸಾದಷ್ಟೂ ಹೀಗೆ ಬೇಡದ ಚಿಕಿತ್ಸೆಗೆ ಸಿಕ್ಕಿಬೀಳುವುದು ಹೆಚ್ಚು. ಕಿಡ್ನಿ ಸೋತು, ಏದುಸಿರು ಬಿಡುವ 78ರ ಅಜ್ಜಿಗೂ ದಿನಾ ತೋಟ ಸುತ್ತಿ ಬರುವ 70ರ ನನ್ನ ಓರಗಿತ್ತಿಗೂ ಒಂದೇ ಉತ್ತರ ಹೇಗಾದೀತು?

ಇದೆಲ್ಲ ಏನೂ ತೊಂದರೆ ಕಾಣದವರ ಮಾತು. ಗಂಟು ಕೈಗೆ ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಆಕಾರ ಬದಲಾದರೆ ತೊಂಬತ್ತಾದರೂ ಡಾಕ್ಟರಿಗೆ ತೋರಿಸಲೇಬೇಕು. ಆಶಾ ತರುವ ಫಾರಂನಲ್ಲಿ ಈ ಮೂರೂ ಪ್ರಶ್ನೆಗಳಿವೆ, ನಿಜ. ಕೇಳುವುದು ಎಲ್ಲಿ ಗೊತ್ತೇ? ಪಕ್ಕದ ಮನೆಯ ಜಗಲಿಯಲ್ಲಿ, ಮಗ ಮೊಮ್ಮಗ ಕೂತಿರುವಾಗ.

“ಅಜ್ಜಿ, ಎದೆಯಾಗೆ ಗಂಟು ಗಿಂಟು ಏನಾರ ಐತಾ?”

“ಈ ವಯಸ್ನಾಗೆ ನಂಗ್ಯಾಕವ್ವ ಅದೆಲ್ಲ?”

“ಏನೂ ಇಲ್ಲ, ಬರ್ಕೊ” ಎಂದಳು ಒಳಗಿನಿಂದ ಸೊಸೆ. ಫಾರಂ ತುಂಬಿತು. ಅಜ್ಜಿ ಸೆರಗು ಎಳೆದುಕೊಂಡು ಮತ್ತೆ ಅಕ್ಕಿ ಆರಿಸತೊಡಗಿದರು.

ಅಮೆರಿಕದ ವೈದ್ಯರು 75ರಿಂದ 89ರ ಮಹಿಳೆಯರಿಗೆ ಡಾಕ್ಟರನ್ನು ಕಾಣುವ ಮೊದಲೇ ಮ್ಯಾಮೊಗ್ರಾಂನ ಲಾಭ-ನಷ್ಟ ತಿಳಿಸುವ ಒಂದು ಕಿರುಪುಸ್ತಿಕೆ ಓದಲು ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು: ಓದಿದವರಿಗೆ ವಿಷಯ ಹೆಚ್ಚು ತಿಳಿದಿತ್ತು, ಮ್ಯಾಮೊಗ್ರಾಂ ಮಾಡಿಸಿಕೊಂಡವರು ಕಡಿಮೆ. ಬೇಕೆಂದವರು ಮಾಡಿಸಿಕೊಂಡರು, ಯಾರೂ ತಡೆಯಲಿಲ್ಲ.

ನಮಗೂ ಅಂಥದ್ದೊಂದು ಬೇಕು. ಬೆಂಗಳೂರಿನಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಅಲ್ಲಿನ ವೈದ್ಯರಿಂದ ದಪ್ಪಕ್ಷರದ ಒಂದು ಹಾಳೆ ಬರೆಸಿ. ಓದು ಬಾರದವರಿಗೆ ಅದನ್ನೇ ಫೋನಿನಲ್ಲಿ ಕೇಳಿಸಿ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ, ಬೇರೆ ಕಾಯಿಲೆಗಳು ಏನಿವೆ, ಏನಾದರೂ ಸಿಕ್ಕರೆ ಚಿಕಿತ್ಸೆಗೆ ನಿಮಗೆ ಮನಸ್ಸಿದೆಯೇ ಎಂದು ನರ್ಸಮ್ಮ ಬಾಗಿಲು ಹಾಕಿಕೊಂಡು ಐದು ನಿಮಿಷ ಕೇಳಲಿ. ಮಗನನ್ನು ಹೊರಗೆ ಕೂರಿಸಿ.

ಹಾಳೆ ಪ್ರಿಂಟಾದ ಮೇಲೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಕಟ್ಟು ಕಳಿಸಿ. ಓದಿ ಹೇಳುವವರು ಬೇಕಾದರೆ ನಾನಿದ್ದೇನೆ. ಹಳ್ಳಿ ಶಾಲೆಯಲ್ಲಿ ಪಾಠ ಮಾಡಿ ಪಳಗಿದ ಗಂಟಲು ಇನ್ನೂ ಗಟ್ಟಿಯಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ, ತುಮಕೂರು ಜಿಲ್ಲೆ