ಜಾತ್ರೆಯ ತಂಡಕ್ಕೂ ಒಂದು ಲೀಗ್ ಬೇಡವೇ?

2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್‌ನ ಮೊದಲ ಆವೃತ್ತಿ ನಡೆಯಿತು. ಆರು ತಂಡ, ಅದರಲ್ಲಿ ಬೆಂಗಳೂರಿನದೂ ಒಂದು. ಫೈನಲ್‌ನಲ್ಲಿ ಚೆನ್ನೈ ಬುಲ್ಸ್ ದಿಲ್ಲಿ ತಂಡವನ್ನು 41-0ರಿಂದ ಸೋಲಿಸಿತು. ಮೊಬೈಲಿನಲ್ಲಿ ನೋಡಿದ ನಮ್ಮ ಓಣಿಯ ಹುಡುಗನೊಬ್ಬ, ‘ಸರ, ಇದೂ ಕಬಡ್ಡೀನ ಅಲ್ರೀ? ಕೈಯಾಗ ಚೆಂಡೊಂದು ಹೆಚ್ಚಿಗಿ ಅದ, ಅಷ್ಟ’ ಅಂದ. ಸಿಂಧನೂರು, ಮಸ್ಕಿ ಕಡೆಯ ಶಾಲೆಗಳಲ್ಲಿ ಸೀಟಿ ಊದಿ ನಿವೃತ್ತನಾದ ನನಗೆ ಆ ಮಾತು ತಪ್ಪೆನಿಸಲಿಲ್ಲ. ಆದರೆ ಲಿಂಗಸುಗೂರಿನ ಈ ಹುಡುಗ ಆ ಲೀಗ್ ತನಕ ಹೋಗುವುದು ಹೇಗೆ? ಅದು ಮಾಲೀಕರು ಕೊಂಡ ತಂಡಗಳ ಲೀಗ್. ಕೆಳಗಿನಿಂದ ಗೆದ್ದು ಮೇಲೇರಲು ಅಲ್ಲಿ ಮೆಟ್ಟಿಲೇ ಇಲ್ಲ.

ರಗ್ಬಿ ನಮ್ಮ ದೇಶಕ್ಕೆ ಹೊಸದಲ್ಲ. ಕಲ್ಕತ್ತದಲ್ಲಿ ಬ್ರಿಟಿಷರು 1873ರಲ್ಲೇ ಕ್ಲಬ್ ಕಟ್ಟಿದ್ದರು. ನಾಲ್ಕೈದು ವರ್ಷದಲ್ಲಿ ಅದನ್ನು ಮುಚ್ಚಿ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ಇವತ್ತಿಗೂ ಆ ‘ಕಲ್ಕತ್ತ ಕಪ್’ಗಾಗಿ ಸೆಣಸುತ್ತವೆ. ಕ್ಲಬ್ ಹೋಯಿತು, ಕಪ್ ಉಳಿಯಿತು!

ಆ ಇಂಗ್ಲೆಂಡಿನ ಕ್ಲಬ್‌ಗಳಿಗೂ 1987ರ ತನಕ ರಾಷ್ಟ್ರೀಯ ಲೀಗ್ ಇರಲಿಲ್ಲ. ನಾಕೌಟ್ ಟೂರ್ನಿ ಬಿಟ್ಟರೆ ಹೆಚ್ಚಿನವು ಸ್ನೇಹ ಪಂದ್ಯಗಳೇ. ಆ ವರ್ಷ ಸಣ್ಣ ಊರಿನ ಕ್ಲಬ್‌ಗಳನ್ನೂ ಸೇರಿಸಿ ಮೆಟ್ಟಿಲು ಮೆಟ್ಟಿಲಾಗಿ ಲೀಗ್ ಕಟ್ಟಿದರು: ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಮೊದಲ ಸಲ ಗೆದ್ದದ್ದು ಲೆಸ್ಟರ್. 1995ರಲ್ಲಿ ಆಟಕ್ಕೆ ಸಂಬಳ ಬಂತು, ಸಾಲವೂ ಬಂತು. 2022ರಲ್ಲಿ ವೂಸ್ಟರ್, ವಾಸ್ಪ್ಸ್, ಮರುವರ್ಷ ಲಂಡನ್ ಐರಿಶ್ ದಿವಾಳಿಯಾದವು. ಆದರೂ ಕೆಳಗಿನ ಕ್ಲಬ್‌ಗಳು ಆಡುತ್ತಲೇ ಇವೆ.

ನಮ್ಮಲ್ಲಿ ತಂಡಗಳಿಗೆ ಬರವೇ? ಜಾತ್ರೆ ಬಂತೆಂದರೆ ಊರೂರಿಗೊಂದು ಯುವಕ ಸಂಘ ಕಬಡ್ಡಿಗೆ ಇಳಿಯುತ್ತದೆ. ಎರೆಮಣ್ಣು ಹದ ಮಾಡಿ ಸುಣ್ಣದ ಗೆರೆ ಎಳೆಯುತ್ತಾರೆ, ಗಳಕ್ಕೆ ಹ್ಯಾಲೋಜನ್ ಕಟ್ಟುತ್ತಾರೆ. ಮೈಕಿನಲ್ಲಿ ಆಟಗಾರರಿಗಿಂತ ದಾನಿಗಳ ಹೆಸರೇ ಹೆಚ್ಚು. ಮಂಡಿ ಕಿತ್ತುಹೋದರೂ ಹುಡುಗರು ಏಳುವುದಿಲ್ಲ, ಹಿಡಿದ ಕಾಲು ಬಿಡುವುದಿಲ್ಲ. ಮರುದಿನ ನಗದು ಹಂಚಿಕೊಂಡು ಅರ್ಧ ತಂಡ ಬೆಂಗಳೂರಿಗೆ ದುಡಿಯಲು ಹೋಗುತ್ತದೆ. ಸಂಘ ಅಲ್ಲಿಗೆ ಮುಗಿಯಿತು, ಮುಂದಿನ ಜಾತ್ರೆ ತನಕ.

ಹುಡುಗರಿಗೆ ಆಸರೆ ಸಿಕ್ಕರೆ ಏನಾಗುತ್ತದೆ ನೋಡಿ: ಭುವನೇಶ್ವರದ ‘ಕಿಸ್’ ವಸತಿ ಸಂಸ್ಥೆಯ ಆದಿವಾಸಿ ಹುಡುಗರು 2007ರಲ್ಲಿ ಲಂಡನ್ನಿಗೆ ಹೋಗಿ 14 ವರ್ಷದೊಳಗಿನವರ ಶಾಲಾ ರಗ್ಬಿ ಟೂರ್ನಿ ಗೆದ್ದು ಬಂದರು. ಅವರಿಗೆ ಇದ್ದದ್ದು ತರಬೇತಿ, ಊಟ, ಮೈದಾನ. ನಮ್ಮ ಹುಡುಗರಿಗೆ ಮೂರೂ ಇಲ್ಲ.

ರಗ್ಬಿಯೇ ಆಗಬೇಕೆಂಬ ಹಟ ನನಗಿಲ್ಲ, ಕಬಡ್ಡಿಯಿಂದಲೇ ಶುರುವಾಗಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿನ ಸಂಘಗಳಿಗೆ ಒಂದೇ ಲೀಗ್ ಮಾಡಿ. ದುಡಿಯಲು ಹೋದವರು ಊರಿಗೆ ಮರಳುವ ದಿನ ನೋಡಿ ಪಂದ್ಯ ಇಡಿ. ಜಾತ್ರೆ ಕಮಿಟಿಯ ಹಿರಿಯರೇ, ಈ ಸಲ ಬಹುಮಾನದ ಹಣದಲ್ಲಿ ಒಂದು ಪಾಲು ಅದಕ್ಕೆ ತೆಗೆದಿಡಿ.